ಭಯ ಇದೆ ಅಂತ ಮೊದಲೇ ಹೇಳಿಬಿಟ್ಟೆ

ನಮ್ಮಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ಅವನಿಗೆ 51 ವರ್ಷ. ಆಪರೇಷನ್ ಆಯಿತು, ಕೀಮೋ ಆಯಿತು, ಈಗ ದಿನಾ ಲಾಲ್‌ಬಾಗಿಗೆ ವಾಕಿಂಗ್ ಹೋಗುವಷ್ಟು ಗಟ್ಟಿಯಾಗಿದ್ದಾನೆ. ಆದರೆ ಅವನ ಡಾಕ್ಟರು ಅತ್ತಿಗೆಯ ಹತ್ತಿರ ಒಂದು ಮಾತು ಹೇಳಿ ಕಳಿಸಿದ್ದರು: ಒಡಹುಟ್ಟಿದವರೆಲ್ಲ 40 ತುಂಬಿದಾಗ, ಇಲ್ಲವೇ ಅಣ್ಣನಿಗೆ ಕಾಯಿಲೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ, ಕೊಲೊನೋಸ್ಕೋಪಿ (ಹಿಂಬದಿಯಿಂದ ಕ್ಯಾಮೆರಾ ಇರೋ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋ ಟೆಸ್ಟು) ಮಾಡಿಸಬೇಕು. ನನಗೆ ಆಗಲೇ 46.

ಸುದ್ದಿ ಕೇಳಿದವರೆಲ್ಲ "ಹೆದರ್ಕೋಬೇಡ, ಏನೂ ಆಗಲ್ಲ" ಅಂದರು. ಪ್ರೀತಿಯಿಂದಲೇ ಅಂದರು, ಆದರೆ ಅದರಿಂದ ನನ್ನ ಎದೆಬಡಿತ ಒಂದಿಷ್ಟೂ ಇಳಿಯಲಿಲ್ಲ. ಕೆಲಸಕ್ಕೆ ಬಂದದ್ದು ಎರಡೇ. ಯಾವ ಹೊತ್ತಿಗೆ ಏನಾಗುತ್ತೆ ಅನ್ನುವ ವಿವರ ಒಂದು. ಸೂಜಿ ಹಿಡಿದವರಿಗೂ ನಳಿಕೆ ಹಿಡಿದವರಿಗೂ "ನಂಗೆ ತುಂಬಾ ಭಯ ಆಗ್ತಿದೆ" ಅಂತ ಬಾಯಿಬಿಟ್ಟು ಹೇಳಿದ್ದು ಇನ್ನೊಂದು.

ಮೊದಲನೇ ಭೇಟಿಗೆ ಒಂದು ಚೀಟಿ ಬರೆದುಕೊಂಡು ಹೋಗಿದ್ದೆ. ಎಚ್ಚರ ಇರುತ್ತಾ, ನಿದ್ದೆ ಬರಿಸ್ತೀರಾ? ನಿದ್ದೆಗೆ ಕೊಡೋರು ಯಾರು? ರೂಮಲ್ಲಿ ಎಷ್ಟು ಜನ ಇರ್ತಾರೆ, ಅವರಲ್ಲಿ ಹೆಂಗಸರು ಇರ್ತಾರಾ? ಬಟ್ಟೆ ಏನು ಹಾಕ್ಕೋಬೇಕು? ಗಂಟು ಸಿಕ್ಕರೆ ಆಗಲೇ ತೆಗೀತೀರಾ, ಮತ್ತೆ ಬರಬೇಕಾ? ಕೊನೆಯದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಕೇಳೋಕೆ ನಾಚಿಕೆ. ನಮ್ಮ ಮನೆಗಳಲ್ಲಿ ಈ ಜಾಗದ ವಿಷಯ ಯಾರೂ ಎತ್ತುವುದಿಲ್ಲ. ಚಿಕ್ಕಮ್ಮನಿಗೆ ನಾನೂ "ಹೊಟ್ಟೆ ಸ್ಕ್ಯಾನಿಂಗ್ ಇದೆ" ಅಂತಲೇ ಹೇಳಿದ್ದೆ. ಡಾಕ್ಟರು ಮಾತ್ರ ಚೀಟಿ ಈಸಿಕೊಂಡು ಒಂದೊಂದಕ್ಕೂ ಉತ್ತರ ಹೇಳಿದರು. ಅನಸ್ತೇಷಿಯಾ ಡಾಕ್ಟರು ಪಕ್ಕದಲ್ಲೇ ಇರುತ್ತಾರೆ, ರಕ್ತನಾಳಕ್ಕೆ ಔಷಧಿ ಕೊಟ್ಟು ಮಲಗಿಸುತ್ತಾರೆ. ಹಿಂದೆ ಸೀಳು ಇರುವ ಕಾಗದದಂಥ ಪ್ಯಾಂಟು ಕೊಡುತ್ತಾರೆ, ಅದರ ಮೇಲೆ ಹೊದಿಕೆ. ಒಂದೂವರೆ ಮೀಟರಿನಷ್ಟು ಉದ್ದದ ದೊಡ್ಡ ಕರುಳನ್ನು ನೋಡೋಕೆ ಅರ್ಧ ಗಂಟೆ ಆಚೀಚೆ. ಪಾಲಿಪ್, ಅಂದರೆ ಕರುಳಿನ ಒಳಪದರದಲ್ಲಿ ಬೆಳೆಯೋ ಗಂಟು, ಸಿಕ್ಕರೆ, ಸಣ್ಣದಾದರೆ, ಅಲ್ಲೇ ತಂತಿಯ ಕುಣಿಕೆ ಹಾಕಿ ತೆಗೆಯುತ್ತಾರೆ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ನೋವು ಬರೋದು ಗಾಳಿ ತುಂಬಿ ಕರುಳು ಹಿಗ್ಗಿದಾಗ. ಇದು ನನಗೆ ಹೊಸ ವಿಷಯ.

ಅಪಾಯವನ್ನೂ ಕೇಳಿದೆ. ಕರುಳು ತೂತಾಗೋದುಂಟು, ಸಾವಿರಕ್ಕೆ ಒಬ್ಬರು, ಅಥವಾ ಅದಕ್ಕಿಂತ ಕಡಿಮೆ ಅಂದರು. ಆಡಿಟ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ "ಏನೂ ಆಗಲ್ಲ" ಅನ್ನುವುದಕ್ಕಿಂತ "ಸಾವಿರಕ್ಕೆ ಒಂದು" ಅನ್ನುವ ಉತ್ತರವೇ ಸಮಾಧಾನ. ಆಮೇಲೆ ಅವರೇ ಹೇಳಿದ ಇನ್ನೊಂದು ಮಾತು ನನ್ನನ್ನು ಹೊರಡಿಸಿತು. ಪಾಲಿಪ್ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತೆ, ಎಲ್ಲ ಪಾಲಿಪ್ಪೂ ಕ್ಯಾನ್ಸರ್ ಆಗೋದಿಲ್ಲ. ಈಗ ತೆಗೆದರೆ ಆ ದಾರಿಯೇ ಮುಚ್ಚಿತು. ಅಲ್ಲಿಯವರೆಗೂ ನನ್ನ ತಲೆಯಲ್ಲಿ ಈ ಟೆಸ್ಟು ಅಂದರೆ ಕೆಟ್ಟ ಸುದ್ದಿ ಹುಡುಕೋ ಯಂತ್ರ ಅಂತಷ್ಟೇ ಇತ್ತು.

ಈಗ ಹೊಟ್ಟೆ ಖಾಲಿ ಮಾಡುವ ಕಥೆ. ಮಾಡಿಸಿಕೊಂಡವರನ್ನು ಕೇಳಿ ನೋಡಿ, ಟೆಸ್ಟಿಗಿಂತ ಇದೇ ಕಷ್ಟ ಅನ್ನುತ್ತಾರೆ. ಸರಿಯಾಗಿ ಖಾಲಿಯಾಗದಿದ್ದರೆ ಸಣ್ಣ ಪಾಲಿಪ್ ಕಣ್ತಪ್ಪಬಹುದು, ಇನ್ನೊಮ್ಮೆ ಮಾಡಿ ಅನ್ನಲೂಬಹುದು. ಹಾಗಾಗಿ ನಾನು ಇದನ್ನು ವರ್ಷಾಂತ್ಯದ ಲೆಕ್ಕ ಮುಗಿಸುವಷ್ಟು ಶಿಸ್ತಿನಿಂದ ಮಾಡಿದೆ. ಕೆಲವು ದಿನ ಮುಂಚೆಯೇ ಕಬ್ಬಿಣದ ಮಾತ್ರೆ ನಿಲ್ಲಿಸಿದರು, ಅದರಿಂದ ಮಲ ಕಪ್ಪಾಗಿ ಒಳಗೆ ಕಾಣೋದಿಲ್ಲವಂತೆ. ಆಮೇಲೆ ನಾರು, ಬೀಜ, ಸಿಪ್ಪೆ ಬಂದ್: ಸೊಪ್ಪು, ಕಾಳು, ರಾಗಿ, ಸೀಬೆ, ದಾಳಿಂಬೆ, ಬೀಜ ಇರೋ ಟೊಮೇಟೊ. ತಿಂದದ್ದು ಬಿಳಿ ಅನ್ನ, ಮೊಸರು, ಇಡ್ಲಿ. ನನ್ನ ಗ್ರಹಚಾರಕ್ಕೆ ಅದು ಜನವರಿ. ನಮ್ಮತ್ತೆ ಸೊಗಡು ಅವರೆಕಾಯಿ ರಾಶಿ ಹಾಕಿಕೊಂಡು ಕಾಳು ಹಿದುಕುತ್ತಿದ್ದಾರೆ, ಒಲೆ ಮೇಲೆ ಹಿದಕವರೆ ಸಾರು ಕೊತಕೊತ ಕುದಿಯುತ್ತಿದೆ, ನಾನು ಮೊಸರನ್ನ ಕಲಸುತ್ತಾ ಕೂತಿದ್ದೇನೆ. "ನಾಲ್ಕು ಕಾಳು ತಿಂದ್ರೆ ಏನಾಗುತ್ತಮ್ಮಾ" ಅಂದರು ಅತ್ತೆ. ಅವರೆಕಾಳಿನ ಕಾಲದಲ್ಲಿ ಈ ಟೆಸ್ಟ್ ಇಟ್ಟುಕೊಳ್ಳಬೇಡಿ, ಇಷ್ಟೇ ಹೇಳಬಲ್ಲೆ.

ಹಿಂದಿನ ದಿನ ಬರೀ ತಿಳಿ ದ್ರವ. ಎಳನೀರು, ಸೋಸಿದ ನಿಂಬೆ ಶರಬತ್ತು, ಹಾಲಿಲ್ಲದ ಟೀ, ಬೇಳೆ ಹಾಕದೆ ಮಾಡಿ ಸೋಸಿದ ತಿಳಿಸಾರು. ಬೀಟ್‌ರೂಟು, ದ್ರಾಕ್ಷಿಯಂಥ ಕೆಂಪು-ನೇರಳೆ ಬಣ್ಣದ್ದು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತೆ. ಸಂಜೆ ಭೇದಿ ಮಾಡಿಸೋ ಪೌಡರು ಶುರು. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಅದರ ಹೆಸರು. ಒಂದು ಪೊಟ್ಟಣವನ್ನು ಎರಡು ಲೀಟರ್ ನೀರಿಗೆ ಬೆರೆಸಬೇಕು. ಅರ್ಧ ಸಂಜೆ, ಇನ್ನರ್ಧ ಬೆಳಗಿನ ಜಾವ. ಎಲ್ಲವನ್ನೂ ಹಿಂದಿನ ದಿನವೇ ಕುಡಿದು ಮುಗಿಸೋದಕ್ಕಿಂತ ಹೀಗೆ ಒಡೆದು ಕುಡಿದರೆ ಕರುಳು ಹೆಚ್ಚು ಶುದ್ಧವಾಗುತ್ತೆ ಅಂತ ಹಾಗೆ ಕೊಡುತ್ತಾರೆ. ರುಚಿ? ಉಪ್ಪುನೀರಿಗೆ ಯಾರೋ ನಿಂಬೆ ಪೆಪ್ಪರಮೆಂಟು ಅದ್ದಿ ತೆಗೆದಂತೆ. ಫ್ರಿಜ್ಜಿನಲ್ಲಿಟ್ಟು, ಸ್ಟ್ರಾ ಹಾಕಿ ನಾಲಿಗೆಯ ಹಿಂಬದಿಗೆ ಎಳೆದುಕೊಂಡರೆ ಪರವಾಗಿಲ್ಲ. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ಮಧ್ಯೆ ನಡುಕ ಹತ್ತಿತು; ಭಯಕ್ಕೆ ಇರಬೇಕು ಅಂದುಕೊಂಡೆ, ಆದರೆ ಜನವರಿ ಚಳಿಯಲ್ಲಿ ಲೀಟರುಗಟ್ಟಲೆ ತಣ್ಣನೆಯದು ಕುಡಿದರೆ ಯಾರಿಗಾದರೂ ನಡುಕ ಬರುತ್ತೆ. ಸ್ವೆಟರ್ ಹಾಕಿಕೊಂಡ ಮೇಲೆ ಸರಿಹೋಯಿತು.

ನಮ್ಮ ಬನಶಂಕರಿ ಮನೆಯಲ್ಲಿ ಬಾತ್‌ರೂಮು ಒಂದೇ. ಅದನ್ನು ಸಂಜೆ ಆರರಿಂದ ನನ್ನ ಹೆಸರಿಗೆ ಬರೆದುಕೊಡಿ ಅಂತ ಮೊದಲೇ ಹೇಳಿದ್ದೆ. ಮಗ ಕೆಳಗಿನ ಮನೆಯವರ ಹತ್ತಿರ ಮಾತಾಡಿಕೊಂಡ. ಶುರುವಾಗುವ ಮುಂಚೆಯೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಉರಿ ಆದಮೇಲೆ ಅಲ್ಲ. ಕೊನೆಗೆ ಬರುವುದು ಮೂತ್ರದ ಹಾಗೆ ತಿಳಿ ಹಳದಿ ಆಗಬೇಕು. ಬೆಳಗಿನ ಜಾವ ಆ ಬಣ್ಣ ನೋಡಿ ನನಗಾದ ಖುಷಿಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ! ದಾರಿಯಲ್ಲಿ ಅವಸರ ಆದರೆ ಅಂತ ಟ್ರಾಫಿಕ್ ಏಳುವ ಮುಂಚೆಯೇ ಆಟೋ ಹತ್ತಿದೆವು.

ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಔಷಧಿ ಬಿಡೋ ಸಣ್ಣ ಕೊಳವೆ, ಚುಚ್ಚೋದು ನನ್ನ ಹಳೇ ಶತ್ರು. ರಕ್ತ ತೆಗೆಯುವಾಗ ತಲೆ ಸುತ್ತಿ ಬಿದ್ದವಳು ನಾನು. ಸಾಮಾನ್ಯ ಭಯದಲ್ಲಿ ಬಿಪಿ ಏರುತ್ತೆ, ಸೂಜಿ-ರಕ್ತದ ಭಯದಲ್ಲಿ ಮೊದಲು ಏರಿ ಆಮೇಲೆ ದಿಢೀರನೆ ಇಳಿಯುತ್ತೆ. ಇಂಥವರಿಗೆ "ರಿಲ್ಯಾಕ್ಸ್ ಆಗಿ" ಅನ್ನೋದು ತಿರುಗುಬಾಣ. 1980ರ ದಶಕದಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಬೆಳೆಸಿದರು: ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಮುಖ ಬಿಸಿಯಾಗುವವರೆಗೆ ಹತ್ತು ಹದಿನೈದು ಸೆಕೆಂಡು ಬಿಗಿಹಿಡಿಯೋದು, ಅರ್ಧ ನಿಮಿಷ ಸಡಿಲ ಬಿಡೋದು, ಮತ್ತೆ ಬಿಗಿಯೋದು. ಬಿಪಿ ಇಳಿಯೋಕೆ ಬಿಡೋದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಅವತ್ತು ಸಿಸ್ಟರಿಗೆ ಹೇಳಿದೆ, "ಸಿಸ್ಟರ್, ನಾನು ತಲೆ ಸುತ್ತಿ ಬೀಳೋಳು, ಭಯಾನೂ ಇದೆ." ಅವರು ಕುರ್ಚಿ ಬಿಡಿಸಿ ಮಂಚದ ಮೇಲೆ ಮಲಗಿಸಿದರು, "ಇನ್ನೊಂದು ಕೈ ಬಿಗಿ ಹಿಡ್ಕೊಳ್ಳಿ ಮೇಡಂ, ಈ ಕೈ ಬಿಡಿ" ಅಂದರು, ಚುಚ್ಚುವ ಮುಂಚೆ ಹೇಳಿ ಚುಚ್ಚಿದರು. ಹಿಂದೊಮ್ಮೆ ಒಂದು ಲ್ಯಾಬಿನಲ್ಲಿ ಏನೂ ಹೇಳದೆ ಹಲ್ಲು ಕಚ್ಚಿ ಕೂತಾಗ "ಚಿಕ್ಕ ಮಕ್ಕಳೇ ಅಳಲ್ಲ" ಅಂತ ಬೈಸಿಕೊಂಡಿದ್ದೆ.

ಟೆಸ್ಟಿನ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಎಡಮಗ್ಗುಲಾಗಿ, ಮಂಡಿ ಹೊಟ್ಟೆಗೆ ಎಳೆದುಕೊಂಡು ಮಲಗಿದೆ. ಬೆರಳಿಗೆ ಕ್ಲಿಪ್ಪು, ಮೂಗಿಗೆ ಆಕ್ಸಿಜನ್ ನಳಿಕೆ. ಅನಸ್ತೇಷಿಯಾ ಡಾಕ್ಟರು ಊರು ಯಾವುದು ಅಂತ ಕೇಳಿದರು, ತಿಪಟೂರು ಅನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದ್ದಾಗ ಹೊಟ್ಟೆಯಲ್ಲಿ ಗಾಳಿ. ಮರ್ಯಾದೆ ನೋಡದೆ ಬಿಟ್ಟುಬಿಡಿ, ಆ ವಾರ್ಡಿನಲ್ಲಿ ಎಲ್ಲರೂ ಅದೇ ಕೆಲಸದಲ್ಲಿರುತ್ತಾರೆ. ಒಂದು ಎಚ್ಚರಿಕೆ: ನಿದ್ದೆ ಔಷಧಿಯ ಗುಂಗಿನಲ್ಲಿ ಡಾಕ್ಟರು ಹೇಳಿದ್ದು ನೆನಪಿರೋದಿಲ್ಲ. ನಮ್ಮ ಯಜಮಾನರು ಪಕ್ಕದಲ್ಲಿ ನಿಂತು ಬರೆದುಕೊಂಡರು. ನಾನು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದೆನಂತೆ. ಆವತ್ತು ಗಾಡಿ ಓಡಿಸಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು.

ಒಂದು ಸಣ್ಣ ಪಾಲಿಪ್ ಸಿಕ್ಕಿತ್ತು, ತೆಗೆದು ಬಯಾಪ್ಸಿಗೆ ಕಳಿಸಿದ್ದರು. ರಿಪೋರ್ಟಿಗಾಗಿ ಕಾಯುವಾಗ ಮಾತ್ರ ನನ್ನ ಚೀಟಿ, ಲೆಕ್ಕ ಯಾವುದೂ ನಡೆಯಲಿಲ್ಲ. ವಿವರ ಇಲ್ಲದ ಕಡೆ ಭಯ ತಾನೇ ವಿವರ ಹುಟ್ಟಿಸಿಕೊಳ್ಳುತ್ತೆ, ಅದಕ್ಕೆ ಗೂಗಲ್ ಬೇರೆ ಸಹಾಯ. ಯಜಮಾನರೊಂದಿಗೆ ಒಪ್ಪಂದ ಮಾಡಿಕೊಂಡೆ: ಹುಡುಕಬೇಕು ಅನ್ನಿಸಿದ್ದನ್ನೆಲ್ಲ ಚೀಟಿಯಲ್ಲಿ ಬರೆಯೋದು, ಡಾಕ್ಟರನ್ನೇ ಕೇಳೋದು. ಒಂದು ರಾತ್ರಿ ಅದೂ ಸಾಲದೆ 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಿದರು. ಉಸಿರು ಎಳೆದುಕೊಳ್ಳೋದಕ್ಕಿಂತ ಬಿಡೋದನ್ನು ಉದ್ದ ಮಾಡಿ ಅಂದರು. ಸೂಜಿಗೆ ಬಿಗಿಯೋದು, ರಾತ್ರಿಯ ಯೋಚನೆಗೆ ಸಡಿಲಿಸೋದು. ಎರಡನ್ನೂ ಬೆರೆಸಬೇಡಿ.

ಅದೇ ವಾರ ಬಂದ ರಕ್ತದ ರಿಪೋರ್ಟಿನಲ್ಲಿ ಎರಡು ಫಲಿತಾಂಶ ಮಿತಿಯಾಚೆ ಇವೆ ಅಂತ ದಪ್ಪಕ್ಷರದಲ್ಲಿದ್ದವು. ಸಾಮಾನ್ಯವಾಗಿ ಈ ಮಿತಿಯನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ ಇಡುತ್ತಾರೆ. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ: ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಗೆರೆ ದಾಟುವ ಸಾಧ್ಯತೆ ನೂರಕ್ಕೆ 64. ಡಾಕ್ಟರಿಗೆ ತೋರಿಸಿದೆ, ಒಂದನ್ನು ಬಿಟ್ಟುಬಿಡಿ ಅಂದರು, ಇನ್ನೊಂದು ವಿಟಮಿನ್ ಡಿ, ಮಾತ್ರೆ ಕೊಟ್ಟರು.

ಬಯಾಪ್ಸಿಯಲ್ಲಿ ಅಡಿನೋಮ ಅಂತ ಬಂತು, ಅಂದರೆ ಬಿಟ್ಟಿದ್ದರೆ ಮುಂದೆಂದಾದರೂ ಕ್ಯಾನ್ಸರ್ ಆಗಬಹುದಾಗಿದ್ದ ಬಗೆಯ ಗಂಟು; ಈಗ ಕ್ಯಾನ್ಸರ್ ಇಲ್ಲ. ಅಣ್ಣನ ಕಾರಣಕ್ಕೆ 5 ವರ್ಷಕ್ಕೆ ಮತ್ತೆ ಬರಬೇಕು. ಈಗ ರಾಜಾಜಿನಗರದ ತಮ್ಮನ ಸರದಿ, ಅವನಿಗೆ 43. "ಅಕ್ಕಾ, ನೀನೇ ಬಾ ಜೊತೆಗೆ" ಅಂದಿದ್ದಾನೆ. ಅವನು ಶುಗರ್ ಮಾತ್ರೆ ನುಂಗುವವನು. ಹೊಟ್ಟೆಗೆ ಏನೂ ಇಲ್ಲದ ದಿನ ಆ ಮಾತ್ರೆಯನ್ನು ಏನು ಮಾಡಬೇಕು ಅನ್ನೋದನ್ನು ಅವನ ಡಾಕ್ಟರೇ ಹೇಳಬೇಕು. ಅವನ ಚೀಟಿಯಲ್ಲಿ ಮೊದಲನೇ ಪ್ರಶ್ನೆಯಾಗಿ ಅದನ್ನೇ ಬರೆಸಿದ್ದೇನೆ.