ಬೂಷ್ಟು ತೆಗೆಯುವ ಕೆಲಸ ಕಲಿಯಬೇಕೆ? ಮೊದಲು ನೀರಿನ ಜಾಡು ಹಿಡಿಯಿರಿ

ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದರೆ ಸಾಕು, ಗಂಗಾವತಿಯಲ್ಲಿ ನನ್ನ ಫೋನಿಗೆ ಬಿಡುವಿರುವುದಿಲ್ಲ. “ಗ್ವಾಡಿ ಕರ್ರಗಾಗ್ಯಾವ್ರೀ, ಬಂದು ಬಣ್ಣ ಹಚ್ಚಿಕೊಡ್ರಿ.” ಬಣ್ಣದ ಗುತ್ತಿಗೆ ಹಿಡಿದ ಮೊದಲ ಹತ್ತು ವರ್ಷ ನಾನೂ ಅದನ್ನೇ ಮಾಡಿದೆ. ಒಣಗೋಡೆಯನ್ನು ಪಟ್ಟಿಯಿಂದ ಕೆರೆದು, ಪುಟ್ಟಿ ಮೆತ್ತಿ, ಎರಡು ಕೋಟು ಬಳಿದು ದುಡ್ಡು ಎಣಿಸಿಕೊಂಡು ಬಂದೆ. ಮುಂದಿನ ಮಳೆಗೆ ಅದೇ ಗೋಡೆ, ಅದೇ ಮೂಲೆ, ಅದೇ ಕಪ್ಪು. ಒಂದು ಮನೆಯಲ್ಲಿ ನಾನು ಕೆರೆದೆಬ್ಬಿಸಿದ ದೂಳಿಗೆ ಆರು ವರ್ಷದ ಹುಡುಗಿಗೆ ಉಬ್ಬಸ ಬಂದು, ಅವರಪ್ಪ ರಾತ್ರೋರಾತ್ರಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಆಮೇಲೆ ಈ ಕೆಲಸವನ್ನು ಕಲಿತೇ ಮಾಡಬೇಕೆಂದು ತೀರ್ಮಾನಿಸಿದೆ. ಕಲಿತ ದಾರಿಯನ್ನು, ಇದೇ ಕಸುಬಿಗೆ ಇಳಿಯಬೇಕೆನ್ನುವ ನಮ್ಮ ಭಾಗದ ಪೇಂಟರ್, ಪ್ಲಂಬರ್, ಎಸಿ ಮೆಕ್ಯಾನಿಕ್ ಹುಡುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರುತು ಹಿಡಿಯುವುದು

ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಬೂಷ್ಟು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಬಿಸಿಲಿಗೇ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿ ಹಗಲಿರುಳು ನೀರಿನ ಕೂಲರ್ ಓಡಿಸಿದ ಕೋಣೆಯ ಅಲಮಾರಿ ಸರಿಸಿ ನೋಡಿ, ಹಿಂದಿನ ಗೋಡೆಯಲ್ಲಿ ಕಪ್ಪು, ಹಸಿರು ಚುಕ್ಕೆಗಳು ದುಂಡುದುಂಡಾಗಿ ಹರಡಿರುತ್ತವೆ. ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ; ಅವಕ್ಕೆ ಬೇಕಾದದ್ದು ತೇವ. ನೆನೆದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುಪಾಲು ಬೂಷ್ಟು ಹುಟ್ಟುವುದೇ ಇಲ್ಲ. ಕೋಣೆಯ ಗಾಳಿಯ ತೇವಾಂಶ ಶೇ 60 ದಾಟದಂತೆ, ಸಾಧ್ಯವಾದರೆ 30ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಬೇಕು.

ತುಂಗಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ಇನ್ನೊಂದು ಗೊಂದಲವಿದೆ. ಕಾಲುವೆ ನೀರಿನಿಂದ ನೆಲ ಸವಳಾದ ಕಡೆ ಗೋಡೆಯ ಬುಡದಿಂದ ಎರಡು ಮೂರು ಅಡಿವರೆಗೆ ಬೆಳ್ಳಗೆ ಹತ್ತಿಯಂಥದ್ದು ಏಳುತ್ತದೆ. ಜನ ಅದನ್ನೂ ಬೂಷ್ಟು ಎನ್ನುತ್ತಾರೆ. ಒಂದು ಹನಿ ನೀರು ಬಿಟ್ಟು ನೋಡಿ: ಕರಗಿಹೋದರೆ ಅದು ನೆಲದ ಉಪ್ಪು. ಬೂಷ್ಟು ಕರಗದು, ಬರೀ ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಹಸಿ ಮಣ್ಣಿನ ವಾಸನೆ ಬರುತ್ತದೆ. ಉಪ್ಪಿಗೆ ಬೂಷ್ಟಿನ ಮದ್ದು ಹೊಡೆದು ದುಡ್ಡು ಕೇಳುವುದು ಮೋಸ.

ತೇವ ಎಲ್ಲಿಂದ ಬಂತೆಂದು ತಿಳಿಯಲು ಅಡಿಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಗೆ ಹನಿಗಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚಿದೆ. ಗೋಡೆಯ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಕೊಳ್ಳುವ ಮುಂಚೆ ಇದನ್ನು ಹತ್ತು ಮನೆಯಲ್ಲಿ ಮಾಡಿ ಕೈ ಪಳಗಿಸಿಕೊಳ್ಳಿ.

ಊರಲ್ಲೇ ಸಿಗುವ ತರಬೇತಿ

ನಮ್ಮ ದೇಶದಲ್ಲಿ ಬೂಷ್ಟು ತೆಗೆಯುವ ಕೆಲಸಕ್ಕೆಂದೇ ಸರ್ಕಾರಿ ಪರವಾನಗಿ ಇಲ್ಲ. ಹಾಗಾಗಿ ಅಡಿಪಾಯದ ಕಸುಬಿನಿಂದ ಶುರು ಮಾಡಿ. ಐಟಿಐಯಲ್ಲಿ ಪ್ಲಂಬರ್ ಇಲ್ಲವೇ ರೆಫ್ರಿಜರೇಶನ್ ಮತ್ತು ಎಸಿ ಟ್ರೇಡ್ ಓದಿದವರಿಗೆ ಅರ್ಧ ಕೆಲಸ ಆಗಲೇ ಗೊತ್ತಿರುತ್ತದೆ. ಶಾಲೆ ಬಿಟ್ಟವರು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಬಣ್ಣ, ಪ್ಲಂಬಿಂಗ್, ಎಸಿ ರಿಪೇರಿ ಯಾವ ಬ್ಯಾಚು ಸಿಕ್ಕರೂ ಸೇರಿಕೊಳ್ಳಿ.

ನಿಮ್ಮ ಎದೆಗೂಡು

ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಈ ಕೆಲಸಕ್ಕೆ ಬರಬೇಡಿ. ಉಳಿದವರೂ ವೈದ್ಯರ ಬಳಿ ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡೇ ಇಳಿಯಿರಿ. ಸಣ್ಣ ಕೆಲಸಕ್ಕೆ ಎನ್-95 ಮಾಸ್ಕ್ ಸಾಕು, ದೊಡ್ಡದಕ್ಕೆ ಸೂಕ್ಷ್ಮ ಕಣ ತಡೆಯುವ ಪಿ-100 ಫಿಲ್ಟರಿನ, ಮುಖ ಪೂರ್ತಿ ಮುಚ್ಚುವ ರೆಸ್ಪಿರೇಟರ್ ಬೇಕು. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಸಂದಿಯಿಂದ ದೂಳು ಒಳಗೆ ಹೋಗುತ್ತದೆ. ಟವೆಲ್ ಸುತ್ತಿಕೊಂಡು ಕೆರೆಯುವ ರೂಢಿ ನಮ್ಮಲ್ಲಿ ಬಹಳ ಇದೆ. ಟವೆಲ್ ಬೀಜಕಣವನ್ನು ತಡೆಯುವುದಿಲ್ಲ.

ಇನ್ನೊಂದನ್ನು ನಾನು ಕೈಮುಗಿದು ಹೇಳುತ್ತೇನೆ. ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಬ್ಲೀಚಿನಿಂದ ಕಲೆ ಬೆಳ್ಳಗಾಗಬಹುದು, ಆದರೆ ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಕೊಲ್ಲುವುದಷ್ಟೇ ಸಾಲದು, ತೆಗೆಯಬೇಕು.

ಪ್ರಮಾಣಪತ್ರ

ಹೊರದೇಶಗಳಲ್ಲೂ ಗುರುತಿರುವ ಪ್ರಮಾಣಪತ್ರ ಐಐಸಿಆರ್‌ಸಿಯದು. ಶುಚಿ ಮಾಡುವ, ಹಾನಿ ಸರಿಪಡಿಸುವ ಕಸುಬಿನವರಿಗೆ ಪ್ರಮಾಣಪತ್ರ ಕೊಡುವ, ಅಮೆರಿಕದಲ್ಲಿ 1972ರಲ್ಲಿ ಶುರುವಾದ ಸಂಸ್ಥೆ ಇದು. ಮೊದಲು ನೀರಿನ ಹಾನಿ ಸರಿಪಡಿಸುವ ಡಬ್ಲ್ಯೂಆರ್‌ಟಿ ಕೋರ್ಸ್, ಅದು ಮುಗಿದ ಮೇಲೆ ಬೂಷ್ಟು ತೆಗೆಯುವ ಎಎಂಆರ್‌ಟಿ ಕೋರ್ಸ್. ಈ ಅನುಕ್ರಮವೇ ಒಂದು ಪಾಠ: ನೀರು ಗೊತ್ತಿಲ್ಲದವನಿಗೆ ಬೂಷ್ಟು ಗೊತ್ತಾಗುವುದಿಲ್ಲ. ಒಂದೊಂದೂ ಕೆಲವೇ ದಿನಗಳ ತರಗತಿ, ಕೊನೆಗೆ ಪರೀಕ್ಷೆ. ಪಾಠ ಇಂಗ್ಲಿಷಿನಲ್ಲಿ, ಶುಲ್ಕ ಡಾಲರ್ ಲೆಕ್ಕದಲ್ಲಿ. ಆದ್ದರಿಂದ ಎರಡು ಮಳೆಗಾಲ ಕೈಯಾರೆ ಕೆಲಸ ಮಾಡಿ ದುಡ್ಡು ಕೂಡಿಟ್ಟ ಮೇಲೆಯೇ ಸೇರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪರೀಕ್ಷೆಗೆ ಬೂಷ್ಟು ತೆಗೆಯುವ ಕೆಲಸದ ಎಸ್-520 ಎಂಬ ಮಾನದಂಡ ಓದಬೇಕು, 2003ರಲ್ಲಿ ಮೊದಲು ಬಂದದ್ದು. ಅದರ ತಿರುಳು ಮೂರು ಸ್ಥಿತಿ. ಒಂದನೆಯದು ಸಹಜವಾದ ಕೋಣೆ. ಎರಡನೆಯದು, ಬೇರೆಡೆಯಿಂದ ಹಾರಿಬಂದ ಕಣಗಳು ಕೂತಿರುವ ಕೋಣೆ. ಮೂರನೆಯದು, ಬೂಷ್ಟು ಅಲ್ಲೇ ಬೆಳೆದಿರುವ ಕೋಣೆ. ಎರಡನ್ನೂ ಮೂರನ್ನೂ ಒಂದಕ್ಕೆ ತರುವುದೇ ನಿಮ್ಮ ಕೆಲಸ. ನಾನು ಆ ಹುಡುಗಿಯ ಮನೆಯಲ್ಲಿ ಮಾಡಿದ್ದು ತಿರುಗುಮುರುಗು: ಒಂದು ಮೂಲೆಯ ಮೂರನೇ ಸ್ಥಿತಿಯನ್ನು ಇಡೀ ಮನೆಗೆ ಎರಡನೇ ಸ್ಥಿತಿಯಾಗಿ ಹಂಚಿದ್ದೆ.

ಮೊದಲ ಕೆಲಸ

10 ಚದರ ಅಡಿಯೊಳಗಿನ ಬೂಷ್ಟು ಸಣ್ಣದು, 100 ದಾಟಿದರೆ ದೊಡ್ಡದು ಎಂಬುದು ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕ. ಮೊದಲ ವರ್ಷ ಸಣ್ಣದಷ್ಟೇ ಹಿಡಿಯಿರಿ. ಸೋರುವ ಪೈಪು, ಮಾಳಿಗೆಯ ಬಿರುಕು ಮೊದಲು ಮುಚ್ಚಿಸಿ. ಫ್ಯಾನ್ ಆರಿಸಿ. ಜಾಗವನ್ನು ದಪ್ಪ ಪ್ಲಾಸ್ಟಿಕ್ ಪರದೆಯಿಂದ ಸುತ್ತುಗಟ್ಟಿ, ಒಳಗಿನ ಗಾಳಿಯನ್ನು ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಹೊರಕ್ಕೆ ಎಳೆಯುವ ಯಂತ್ರವಿಡಿ. ಪರದೆ ಒಳಮುಖವಾಗಿ ಬಾಗಿ ಬಿಗಿದು ನಿಂತರೆ ಕಣ ಹೊರಬರುತ್ತಿಲ್ಲವೆಂದು ಅರ್ಥ. ಹೊರಕ್ಕೆ ಉಬ್ಬಿದರೆ ಕೆಲಸ ನಿಲ್ಲಿಸಿ ಸಂದಿ ಹುಡುಕಿ. ಆಮೇಲೆ ತೆಳ್ಳಗೆ ನೀರು ಚಿಮುಕಿಸಿ ಒರೆಸಿ, ಒಣಗಿದ ಮೇಲೆ ಹೆಪಾ ವ್ಯಾಕ್ಯೂಮ್ ಆಡಿಸಿ. ಕಲ್ಲು, ಗಾರೆ ಉಳಿಯುತ್ತವೆ. ಬೂಷ್ಟು ಒಳಗಿಳಿದ ಜಿಪ್ಸಮ್ ಫಾಲ್ಸ್ ಸೀಲಿಂಗ್, ಹಾಸಿಗೆ ಉಳಿಯುವುದಿಲ್ಲ, ಅವನ್ನು ಅಲ್ಲೇ ಚೀಲದಲ್ಲಿ ಕಟ್ಟಿಯೇ ಹೊರಗೆ ತನ್ನಿ.

ಗೋಡೆಯ ಕಪ್ಪು ಕಂಡು “ಇದು ಬ್ಲ್ಯಾಕ್ ಫಂಗಸ್” ಎಂದು ಯಾರನ್ನೂ ಹೆದರಿಸಬೇಡಿ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ್ದು ಬೇರೆ ಜಾತಿಯ ಶಿಲೀಂಧ್ರ. ಸ್ವಂತ ಕೆಲಸ ಶುರು ಮಾಡಿದರೆ, ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ಕೆಲಸ ಸರಿಯಾಗಿದೆಯೇ ಎಂದು ನೋಡುವವರು ಬೇರೆಯವರಾಗಿರಲಿ. ನ್ಯೂಯಾರ್ಕ್, ಟೆಕ್ಸಾಸ್‌ಗಳಲ್ಲಿ ಒಂದೇ ಮನೆಯ ತಪಾಸಣೆಯನ್ನೂ ತೆಗೆಯುವ ಕೆಲಸವನ್ನೂ ಒಬ್ಬರೇ ಮಾಡಲು ಕಾನೂನೇ ಬಿಡುವುದಿಲ್ಲ.

ಕೆಲಸಕ್ಕೆ ಮುಂಚೆ ಮತ್ತು ಮುಗಿದ ಮೇಲೆ ಮೀಟರಿನ ಅಂಕಿಯನ್ನು ಪೆನ್ಸಿಲಿನಲ್ಲಿ ಗೋಡೆಯ ಮೂಲೆಯಲ್ಲೇ ತಾರೀಖು ಹಾಕಿ ಬರೆಯುತ್ತೇನೆ. ಬಣ್ಣ ಬಳಿಯುವುದು ಆ ಅಂಕಿ ಪಕ್ಕದ ಒಣಗೋಡೆಯ ಅಂಕಿಗೆ ಸಮವಾದ ಮೇಲೆಯೇ. ಮುಂದಿನ ಮಳೆ ನಿಂತ ಮರುದಿನ ಅದೇ ಮೂಲೆಗೆ ಮೀಟರ್ ಹಿಡಿಯಲು ಹೋಗುತ್ತೇನೆ, ಆ ಭೇಟಿಗೆ ದುಡ್ಡು ಕೇಳುವುದಿಲ್ಲ.