ಚಿಟಿಕೆ ಬಿಟ್ಟು ಚಮಚ ಹಿಡಿದೆ

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದಾಗ ಅಂಗಳದ ಶಹಾಬಾದ್ ಪರಸಿ ಮೇಲೆ ಬರಿಗಾಲು ಇಡಲು ಆಗುವುದಿಲ್ಲ. ಆ ದಿನಗಳಿಗೆ ನಮ್ಮ ಮನೆಯ ಔಷಧಿ ಜೋಳದ ಅಂಬಲಿ. "ಬಿಸಲಾಗ ಹೊಂಟೀದಿ, ಒಂದ್ ಗಿಲಾಸ ಅಂಬಲಿ ಕುಡದ್ ಹೋಗು" ಅಂತ ಆಯಿ ಬಾಗಿಲಲ್ಲೇ ತಡೆಯುತ್ತಿದ್ದಳು.

ನಾನು ಈಗಲೂ ಅವಳ ಹಾಗೆಯೇ ಮಾಡುತ್ತೇನೆ. ಮೂರು ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸುತ್ತೇನೆ. ಮೂರು ಗಿಲಾಸ ನೀರಿಗೆ ಉಪ್ಪು ಹಾಕಿ, ಕುದಿ ಬಂದಾಗ ಹಿಟ್ಟು ಸುರಿದು ಕೈಬಿಡದೆ ತಿರುವುತ್ತೇನೆ. ಹಸಿ ವಾಸನೆ ಹೋಗಲು ಎಂಟು ಹತ್ತು ನಿಮಿಷ ಬೇಕು. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಜೀರಿಗೆ. ಬಿಸಿ ಇರುವಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಜೊತೆಗೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡರೆ ಇನ್ನೇನೂ ಬೇಡ. ಉಳ್ಳಾಗಡ್ಡಿ ಕಿಸೆಯಲ್ಲಿಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಅಂತಾರಲ್ಲ, ಅದನ್ನೂ ಮಾಡಿ ನೋಡಿದ್ದೇನೆ. ನನಗೆ ಏನೂ ಉಪಯೋಗ ಕಾಣಲಿಲ್ಲ. ಹೊಟ್ಟೆಗೆ ಹೋದದ್ದೇ ಕೆಲಸ ಮಾಡುತ್ತದೆ.

ಅಂಬಲಿಗೆ ಆಯಿ ಉಪ್ಪು ಅಳೆದು ಹಾಕಿದ್ದನ್ನು ನಾನು ಎಂದೂ ನೋಡಿಲ್ಲ. ನಾನೂ ಅಳೆಯುತ್ತಿರಲಿಲ್ಲ. ಅದೇ ಅಭ್ಯಾಸದಿಂದ ಒಮ್ಮೆ ದೊಡ್ಡ ತಪ್ಪು ಮಾಡಿದೆ.

ಮಗ ಆಗ ನಾಲ್ಕು ವರ್ಷದವನು. ಮದುವೆಯ ಊಟ ಮುಗಿಸಿ ಬಂದ ರಾತ್ರಿಯೇ ಜುಲಾಬು ಹತ್ತಿತು. ಜುಲಾಬಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಅಂದರೆ ಓಆರ್‌ಎಸ್ ಪಾಕೀಟು, ಮನೆಯಲ್ಲಿ ಇರಲಿಲ್ಲ. ಒಂದು ತಂಬಿಗೆ ನೀರಿಗೆ ಎರಡು ಮೂರು ಚಿಟಿಕೆ ಉಪ್ಪು, ಕೈಗೆ ಸಿಕ್ಕಷ್ಟು ಸಕ್ಕರೆ ಹಾಕಿದೆ. ಸಾಲದು ಅನ್ನಿಸಿ ಇನ್ನಷ್ಟು ಉಪ್ಪು ಸೇರಿಸಿದೆ. ಮಗು ಎರಡು ಗುಟುಕು ಕುಡಿದು ಉಗುಳಿತು. ಹಟ ಅಂತ ಬೈದು ಮತ್ತೆ ಕುಡಿಸಿದೆ. ವಾಂತಿ ಮಾಡಿಕೊಂಡ. ಬೆಳಗ್ಗೆ ಆರೋಗ್ಯ ಕೇಂದ್ರಕ್ಕೆ ಹೊತ್ತುಕೊಂಡು ಓಡಿದೆ. ಅಲ್ಲಿನ ನರ್ಸಬಾಯಿ ಮೊದಲು ಕೇಳಿದ್ದು ಇಷ್ಟೇ: "ಅಕ್ಕಾರ, ಕುಡಸೂಕಿಂತ ಮೊದ್ಲ ನೀವು ರುಚಿ ನೋಡೀರೇನ್ರಿ? ಕಣ್ಣೀರಿಗಿಂತ ಉಪ್ಪ ಆಗಬಾರದ್ರಿ." ನಾನು ನೋಡಿರಲಿಲ್ಲ. ಉಪ್ಪು ಜಾಸ್ತಿಯಾದರೆ ಮಗುವಿನ ಜೀವಕ್ಕೇ ಅಪಾಯ ಅಂತ ಆಕೆ ಹೇಳಿದಾಗ ನನ್ನ ಕೈಕಾಲು ತಣ್ಣಗಾದವು.

ಆಕೆ ಕಲಿಸಿದ ಅಳತೆ ಅಂದಿನಿಂದ ತಪ್ಪಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರು. ಅದಕ್ಕೆ ಚಹಾ ಚಮಚದಲ್ಲಿ ಮೇಲೆ ಸವರಿ ಸಮ ಮಾಡಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೊದಲು ನಾನು ರುಚಿ ನೋಡುತ್ತೇನೆ. ಆಮೇಲೆ ಒಂದೊಂದೇ ಚಮಚ ಕುಡಿಸುತ್ತೇನೆ. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನ. ಉಳಿದದ್ದನ್ನು 24 ಗಂಟೆಯಾದ ಮೇಲೆ ಚೆಲ್ಲುತ್ತೇನೆ. ಪಾಕೀಟು ಇದ್ದರೆ ಅದೇ ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಂ ಕೂಡ ಇರುತ್ತದೆ. ಈಗ ಆಶಾ ಕಾರ್ಯಕರ್ತೆಯಿಂದ ಎರಡು ತಂದು ಡಬ್ಬಿಯಲ್ಲಿ ಇಟ್ಟಿರುತ್ತೇನೆ.

ಸಕ್ಕರೆ ಬರೀ ರುಚಿಗೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಕರುಳಿನಲ್ಲಿ ಸಕ್ಕರೆಯ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಸಲೈನ್ ಬಾಟಲಿ ಸಾಲದೆ ಡಾ. ದಿಲೀಪ್ ಮಹಾಲನಬಿಸ್ ಇದೇ ಬಗೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಇದನ್ನು ಓದಿದ ದಿನ ಆಯಿಯ ಅಂಬಲಿ ನೆನಪಾಯಿತು. ಜೋಳದ ಪಿಷ್ಟವೂ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ಉಪ್ಪು ಅದರಲ್ಲಿ ಮೊದಲೇ ಇದೆ. ಆದರೂ ಮಕ್ಕಳಿಗೆ ಜುಲಾಬು ಆದಾಗ ನಾನು ಅಂಬಲಿಯನ್ನು ಊಟದ ಲೆಕ್ಕಕ್ಕೆ ಮಾತ್ರ ಕೊಡುತ್ತೇನೆ. ಔಷಧಿ ಅಂದರೆ ಅಳೆದ ನೀರೇ.

ಕಣ್ಣು ಗುಳಿ ಬಿದ್ದರೆ, ಆರು ತಾಸು ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ನಾನು ಅಡುಗೆಮನೆ ಕಡೆ ನೋಡುವುದಿಲ್ಲ. ಸೀದಾ ದವಾಖಾನೆ. ಬಿಸಿಲು ಬಡಿದವರ ವಿಷಯದಲ್ಲೂ ಅಷ್ಟೇ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ 108ಕ್ಕೆ ಫೋನ್ ಮಾಡಬೇಕು. ಅಷ್ಟರಲ್ಲಿ ನೆರಳಿಗೆ ಮಲಗಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಬೇಕು. ಎಚ್ಚರ ಇಲ್ಲದವರ ಬಾಯಿಗೆ ಅಂಬಲಿ, ಪಾನಕ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಗಾರೆ ಕೆಲಸದ ಹುಡುಗ ಕುಸಿದು ಬಿದ್ದಾಗ ನಾಲ್ಕು ಮಂದಿ ಗಿಲಾಸು ಹಿಡಿದು ಓಡಿ ಬಂದರು. ನಾನು ಕೊಡ ತಂದು ಅವನ ಮೈಮೇಲೆ ಸುರಿದೆ. ಗಾಡಿ ಬರುವವರೆಗೆ ಮಗ ರಟ್ಟು ಹಿಡಿದು ಗಾಳಿ ಹಾಕುತ್ತಾ ಕೂತಿದ್ದ.