ಒಂಬತ್ತನೇ ತರಗತಿಯಲ್ಲಿ ರಿಧಿಮಾ ಅರ್ಜಿಯ ವಿಚಾರಣೆ

ನಾನು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. 2024ರ ಸಂವಿಧಾನ ದಿನಕ್ಕೆ ಪೀಠಿಕೆ ಓದಿಸಿದ ಮೇಲೆ ಒಂಬತ್ತನೇ ತರಗತಿಯಲ್ಲಿ ಅಣಕು ನ್ಯಾಯಾಲಯ ನಡೆಸೋಣ ಅನ್ನಿಸಿತು. ವಿಷಯಕ್ಕೆ ಹುಡುಕಾಡಬೇಕಾಗಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಜರಿದಾಗ ಈ ಮಕ್ಕಳಿಗೆ ಎಂಟು ವರ್ಷ. ಪರಿಹಾರ ಕೇಂದ್ರದಲ್ಲಿ ಮಲಗಿದ್ದ ರಾತ್ರಿಗಳು ಕೆಲವರಿಗೆ ಇನ್ನೂ ನೆನಪಿವೆ.

ರಿಧಿಮಾ ಪಾಂಡೆ ಕೇಸನ್ನು ಆರಿಸಿಕೊಂಡೆ. ಉತ್ತರಾಖಂಡದ ಈ ಹುಡುಗಿ 2017ರಲ್ಲಿ ಪರಿಸರದ ಕೇಸುಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದಾಗ ಅವಳಿಗೆ ಒಂಬತ್ತೇ ವರ್ಷ. ಹವಾಮಾನ ಬದಲಾವಣೆ ತಡೆಯಲು ಕೇಂದ್ರ ಸರ್ಕಾರ ಮಾಡಬೇಕಾದಷ್ಟು ಮಾಡುತ್ತಿಲ್ಲ ಅನ್ನುವುದು ಅವಳ ದೂರು. ದೇಶ ಇಷ್ಟೇ ಇಂಗಾಲ ಹೊರಬಿಡಬಹುದು ಅಂತ ಮಿತಿ ಹಾಕಿ, ಯೋಜನೆಗಳಿಗೆ ಅನುಮತಿ ಕೊಡುವಾಗ ಹವಾಮಾನವನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಕೇಳಿದ್ದಳು.

ಎರಡು ಸಂಜೆ ಕೂತು ಅರ್ಜಿಯ ಮುಖ್ಯ ಭಾಗಗಳನ್ನು ಸುಲಭ ಕನ್ನಡದಲ್ಲಿ ಬರೆದೆ. ತರಗತಿಯನ್ನು ಅರ್ಜಿದಾರರು, ಸರ್ಕಾರ, ನ್ಯಾಯಾಧೀಶರು ಅಂತ ಮೂರು ಗುಂಪು ಮಾಡಿದೆ. ನಿಜವಾದ ಆದೇಶ ಏನಾಯ್ತು ಅಂತ ಹೇಳಲಿಲ್ಲ.

ಅರ್ಜಿದಾರರು ಮಳೆ, ಪ್ರವಾಹ, ಕಳೆದುಕೊಂಡ ಮನೆಗಳ ಬಗ್ಗೆ ಮನಸ್ಸು ಕಲಕುವಂತೆ ಮಾತಾಡಿದರು. ಸರ್ಕಾರದ ಪರವಾಗಿ ಒಬ್ಬ ಹುಡುಗ ಎದ್ದ. "1986ರ ಪರಿಸರ ಕಾಯ್ದೆ ಇದೆ. ಹವಾಮಾನ ಬದಲಾವಣೆಗೆ ಅಂತಲೇ 2008ರ ರಾಷ್ಟ್ರೀಯ ಕ್ರಿಯಾ ಯೋಜನೆ ಇದೆ. ನಾವು ಯಾವುದನ್ನು ಮಾಡಿಲ್ಲ, ತೋರಿಸಿ" ಅಂದ. ಆ ಕಡೆ ಮೌನ. ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು.

ಆಮೇಲೆ 2019ರ ಜನವರಿಯ ಆದೇಶ ಓದಿದೆ. ಅದೂ ವಜಾ. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದ ಸರ್ಕಾರದ ನೀತಿಗಳಲ್ಲಿ ಸೇರಿಲ್ಲ ಅಂದುಕೊಳ್ಳಲು ಕಾರಣವಿಲ್ಲ ಅಂದಿತ್ತು ನ್ಯಾಯಮಂಡಳಿ. "ಹಾಗಾದ್ರೆ ನಾವು ಅನುಭವಿಸಿದ್ದು ಲೆಕ್ಕಕ್ಕೇ ಇಲ್ವಾ ಮಿಸ್?" ಅಂತ ಅರ್ಜಿದಾರರ ಗುಂಪಿನ ಹುಡುಗಿ ಕೇಳಿದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ತಪ್ಪು ನನ್ನದೂ ಹೌದು. ನೋವು ಹೇಳಲು ಕಲಿಸಿದ್ದೆ, ಕೋರ್ಟಿನಲ್ಲಿ ಏನು ಕೇಳಬೇಕು ಅಂತ ಕಲಿಸಿರಲಿಲ್ಲ.

ಮರುದಿನ ಅಮೆರಿಕದ ಮೊಂಟಾನಾ ರಾಜ್ಯದ ಕೇಸು ತಂದೆ. ಅಲ್ಲಿ 16 ಮಕ್ಕಳು, ಯುವಕರು 2020ರಲ್ಲಿ ರಾಜ್ಯದ ಮೇಲೆ ಕೇಸು ಹಾಕಿ 2023ರ ಆಗಸ್ಟ್‌ನಲ್ಲಿ ಗೆದ್ದರು. ದನ ಸಾಕುವ ಕುಟುಂಬದ ರಿಕ್ಕಿ ಹೆಲ್ಡ್ ಬರಗಾಲದ ಬಗ್ಗೆ ಸಾಕ್ಷಿ ಹೇಳಿದಳು. ಆದರೆ ನೋವೊಂದರಿಂದಲೇ ಗೆಲುವು ಬರಲಿಲ್ಲ. ಆ ರಾಜ್ಯದ ಸಂವಿಧಾನದಲ್ಲೇ ಶುದ್ಧ, ಆರೋಗ್ಯಕರ ಪರಿಸರದ ಹಕ್ಕಿದೆ. ಯೋಜನೆಗಳ ಪರಿಶೀಲನೆಯಲ್ಲಿ ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲಗಳನ್ನು ಲೆಕ್ಕಕ್ಕೆ ತಗೊಳ್ಳಬಾರದು ಅನ್ನುವ ಒಂದು ಕಾನೂನೂ ಇತ್ತು. ಅವರು ಬೊಟ್ಟು ಮಾಡಿದ್ದು ಆ ಕಾನೂನಿಗೆ.

ಮಕ್ಕಳಿಗೆ ಥಟ್ಟನೆ ಅರ್ಥವಾಯಿತು. ಹೊಸ ಅರ್ಜಿ ಬರೆಯಲು ಕೂತರು. ನಮ್ಮಲ್ಲಿ ಅಂಥ ಹಕ್ಕು ಎಲ್ಲಿದೆ ಅಂತ ಕೇಳಿದಾಗ 2024ರ ಮಾರ್ಚ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಹೇಳಿದೆ. ಹೆಬ್ಬಕ ಅನ್ನುವ ಅಳಿವಿನಂಚಿನ ಹಕ್ಕಿಯ ಕೇಸಿನಲ್ಲಿ ಕೋರ್ಟ್, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 14 (ಸಮಾನತೆ) ಮತ್ತು 21ನೇ (ಬದುಕುವ ಹಕ್ಕು) ವಿಧಿಗಳಲ್ಲಿ ಕಂಡಿತ್ತು.

ಕಷ್ಟವಾಗಿದ್ದು ನ್ಯಾಯಾಧೀಶರ ಗುಂಪಿನ ಪ್ರಶ್ನೆಯಿಂದ: "ಗುಡ್ಡ ಜರಿದದ್ದು ಜಾಸ್ತಿ ಮಳೆಯಿಂದಲೋ, ಇಳಿಜಾರು ಕಡಿದದ್ದರಿಂದಲೋ?" ಎರಡೂ ಸೇರಿಯೇ ಅಲ್ವಾ? ಚರ್ಚೆ ಬೆಲ್ ಆದ ಮೇಲೂ ನಡೆಯಿತು. ಕೊನೆಗೆ ಮಕ್ಕಳು ತಮ್ಮ ಕೋರಿಕೆಯನ್ನು ಒಂದೇ ಸಾಲಿಗೆ ಇಳಿಸಿದರು: ಇಳಿಜಾರಿನಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ಬದಲಾಗುತ್ತಿರುವ ಮಳೆಯನ್ನು ಲೆಕ್ಕ ಹಾಕಲೇಬೇಕು. ಈ ಸಲ ನ್ಯಾಯಾಧೀಶರು ವಜಾ ಮಾಡಲಿಲ್ಲ. ಉತ್ತರ ಕೊಡಿ ಅಂತ ಸರ್ಕಾರದ ಗುಂಪಿಗೆ ನೋಟಿಸ್ ಕೊಟ್ಟರು.

ಡಿಸೆಂಬರ್‌ನಲ್ಲಿ ಮೊಂಟಾನಾ ಸುಪ್ರೀಂ ಕೋರ್ಟ್ ಆರು-ಒಂದರಿಂದ ಆ ತೀರ್ಪನ್ನು ಎತ್ತಿಹಿಡಿಯಿತು. ತರಗತಿಯಲ್ಲಿ ಹೇಳಿದೆ. ಚಪ್ಪಾಳೆ ನಿಂತ ಮೇಲೆ ಅದೇ ಹುಡುಗಿ, "ಆ ಒಬ್ಬರು ಯಾಕೆ ಒಪ್ಪಲಿಲ್ಲ ಮಿಸ್?" ಅಂದಳು. ಭಿನ್ನ ತೀರ್ಪಿನ ಆ ಪುಟಗಳನ್ನು ಈಗ ಕನ್ನಡಕ್ಕೆ ಇಳಿಸುತ್ತಿದ್ದೇನೆ.